ತಾರಸಿಯಲ್ಲೇ ಶನಿ ದರ್ಶನ

ಸಾಧಾರಣ ಟೆಲಿಸ್ಕೋಪು, ಜೇಬಿನಲ್ಲಿರುವ ಮೊಬೈಲು, ಜೊತೆಗಿಷ್ಟು ತಾಳ್ಮೆ. ಇವಿಷ್ಟಿದ್ದರೆ ಚಂದ್ರನ ಕುಳಿಗಳಿಂದ ಹಿಡಿದು ಮಹಾವ್ಯಾಧನ ನೀಹಾರಿಕೆಯವರೆಗೆ ಮನೆಯ ಮೇಲಿಂದಲೇ ಚಿತ್ರ ತೆಗೆಯಬಹುದು. ಆದರೆ ಅಂಗಡಿಗೆ ದುಡ್ಡು ಕೊಡುವ ಮೊದಲು ತಿಳಿದಿರಬೇಕಾದ ಕೆಲವು ಸಂಗತಿಗಳಿವೆ.

ಈ ಸಲ ಆರಿದ್ರಾ ಮಳೆ ಹಿಡಿಯಿತೋ ಇಲ್ಲವೋ ಎಂದು ಜೂನ್ ಕೊನೆಯಲ್ಲಿ ಮಾತಾಡಿಕೊಳ್ಳದ ಹಳ್ಳಿ ನಮ್ಮಲ್ಲಿ ಇರಲಾರದು. ರೋಹಿಣಿ, ಮೃಗಶಿರಾ, ಪುಷ್ಯ, ಮಘಾ, ಹಸ್ತ, ಚಿತ್ತಾ, ಸ್ವಾತಿ ಎಂದು ಮಳೆಯ ಲೆಕ್ಕದಲ್ಲಿ ರೈತರ ಬಾಯಲ್ಲಿ ನಕ್ಷತ್ರಗಳ ಹೆಸರು ಸಲೀಸಾಗಿ ಬರುತ್ತವೆ. ಆದರೆ ‘ಆರಿದ್ರಾ ನಕ್ಷತ್ರ ಯಾವುದು, ಬೆರಳು ಮಾಡಿ ತೋರಿಸಿ’ ಎಂದರೆ ತೋರಿಸುವವರು ಕಡಿಮೆ. ಇದರಲ್ಲಿ ಅವರ ತಪ್ಪೇನೂ ಇಲ್ಲ. ಸೂರ್ಯ ಆರ್ದ್ರಾ ನಕ್ಷತ್ರದ ನೇರಕ್ಕೆ ಬಂದಿರುವಾಗ ಬೀಳುವ ಮಳೆಗೇ ಆರಿದ್ರಾ ಮಳೆ ಎನ್ನುವುದು. ಆ ದಿನಗಳಲ್ಲಿ ನಕ್ಷತ್ರ ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುತ್ತದೆ. ಮೋಡವಿಲ್ಲದಿದ್ದರೂ ಅದು ಕಣ್ಣಿಗೆ ಬೀಳುವುದಿಲ್ಲ. ನೋಡಲೇಬೇಕೆಂದರೆ ಆರು ತಿಂಗಳು ಕಾದು, ಡಿಸೆಂಬರ್–ಜನವರಿಯ ಚಳಿಯಲ್ಲಿ ತಾರಸಿ ಹತ್ತಬೇಕು.

ಆಗ ಪೂರ್ವದಲ್ಲಿ ಮಹಾವ್ಯಾಧ ಮೇಲೇರಿ ಬರುತ್ತಾನೆ. ಸೊಂಟಪಟ್ಟಿಯ ಮೂರು ನಕ್ಷತ್ರಗಳ ಒಂದು ಬದಿಗೆ ಕೆಂಪಗೆ ಉರಿಯುವುದೇ ಆರ್ದ್ರಾ. ಪಾಶ್ಚಾತ್ಯರು ಬೀಟಲ್‌ಜ್ಯೂಸ್ ಎನ್ನುವ ದೈತ್ಯ. 2019ರ ಕೊನೆಯಲ್ಲಿ ಇದು ಬರಿಗಣ್ಣಿಗೇ ಗೊತ್ತಾಗುವಷ್ಟು ಮಂಕಾಗತೊಡಗಿತು. 2020ರ ಫೆಬ್ರುವರಿಯಲ್ಲಿ ತೀರಾ ಸೊರಗಿ, ಮತ್ತೆ ನಿಧಾನಕ್ಕೆ ಚೇತರಿಸಿಕೊಂಡಿತು. ನಕ್ಷತ್ರವೇ ಹೊರಗೆ ಚೆಲ್ಲಿದ ಅನಿಲ ತಣಿದು, ಧೂಳಾಗಿ ನಮಗೂ ಅದಕ್ಕೂ ನಡುವೆ ಬಂದಿತ್ತು ಎಂಬುದು ಖಗೋಳ ವಿಜ್ಞಾನಿಗಳು ಕೊಟ್ಟ ವಿವರಣೆ. ಇಂಥ ಬದಲಾವಣೆಯನ್ನು ಕಂಡುಕೊಳ್ಳಲು ಟೆಲಿಸ್ಕೋಪೂ ಬೇಕಿರಲಿಲ್ಲ, ದಿನಾ ತಲೆಯೆತ್ತಿ ನೋಡುವ ಅಭ್ಯಾಸವಿದ್ದರೆ ಸಾಕಿತ್ತು.

ಆಕಾಶ ವೀಕ್ಷಣೆ ಇಲ್ಲಿಂದಲೇ ಶುರುವಾಗಬೇಕು. ಟೆಲಿಸ್ಕೋಪ್ ಎರಡನೆಯದು, ಫೋನು ಮೂರನೆಯದು. ಈಗ ಆಗುತ್ತಿರುವುದು ತಲೆಕೆಳಗು. ಫೋನು ಎಲ್ಲರ ಕೈಗೂ ಬಂದಿದೆ, ಟೆಲಿಸ್ಕೋಪು ಆನ್‌ಲೈನ್‌ನಲ್ಲಿ ಎರಡು ದಿನಕ್ಕೆ ಮನೆಗೆ ಬರುತ್ತದೆ, ಆಕಾಶದ ಪರಿಚಯ ಮಾತ್ರ ಇಲ್ಲ. ಹೀಗಾಗಿ ಮೊದಲ ವಾರದಲ್ಲೇ ಉತ್ಸಾಹ ಬತ್ತಿಹೋಗುತ್ತದೆ. ಈ ಹವ್ಯಾಸದಲ್ಲಿ ದುಡ್ಡಿಗಿಂತ ಹೆಚ್ಚು ಖರ್ಚಾಗುವುದು ಹೊತ್ತು. ಅದನ್ನು ಒಪ್ಪಿಕೊಂಡವರಿಗೆ ಅಗ್ಗದ ಸಲಕರಣೆಯೂ ಕೈಹಿಡಿಯುತ್ತದೆ.

ಡಬ್ಬದ ಮೇಲಿನ ಸಂಖ್ಯೆ ನಂಬಬೇಡಿ

ಆಟಿಕೆ ಟೆಲಿಸ್ಕೋಪುಗಳ ಡಬ್ಬದ ಮೇಲೆ ಐನೂರು ಪಟ್ಟು, ಆರುನೂರು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಪಕ್ಕದಲ್ಲಿ ಶನಿಯ ಬಣ್ಣದ ಚಿತ್ರ. ಅದನ್ನು ಯಾವುದೋ ಬಾಹ್ಯಾಕಾಶ ನೌಕೆ ತೆಗೆದಿರುತ್ತದೆ. ಕೊಳ್ಳುವವರು ಕೇಳಬೇಕಾದ ಪ್ರಶ್ನೆ ಎಷ್ಟು ಪಟ್ಟು ಎಂಬುದಲ್ಲ, ಮುಂದಿನ ಗಾಜು ಅಥವಾ ಕನ್ನಡಿ ಎಷ್ಟು ಅಗಲ ಎಂಬುದು. ಮಳೆಗೆ ಅಂಗಳದಲ್ಲಿ ಚೊಂಬಿಟ್ಟರೆ ಚೊಂಬಿನಷ್ಟು, ಹಂಡೆಯಿಟ್ಟರೆ ಹಂಡೆಯಷ್ಟು ನೀರು ತುಂಬುವಂತೆ, ಬಾಯಿ ಅಗಲವಾದಷ್ಟೂ ಟೆಲಿಸ್ಕೋಪಿನೊಳಗೆ ಬೆಳಕು ಹೆಚ್ಚು ಬೀಳುತ್ತದೆ. ಕತ್ತಲಲ್ಲಿ ನಮ್ಮ ಕಣ್ಣಿನ ಪಾಪೆ ಹೆಚ್ಚೆಂದರೆ 7 ಮಿಲಿಮೀಟರ್ ಅಗಲಿಸುತ್ತದೆ. 70 ಮಿ.ಮೀ. ಟೆಲಿಸ್ಕೋಪು ಅದಕ್ಕಿಂತ 100 ಪಟ್ಟು ಬೆಳಕು ಹಿಡಿಯುತ್ತದೆ. 130 ಮಿ.ಮೀ. ಕನ್ನಡಿಯಾದರೆ ಸುಮಾರು 345 ಪಟ್ಟು.

ಹಿಗ್ಗಿಸುವುದು ಕಣ್ಣಿಡುವ ಕಡೆಯ ಗಾಜಿನ, ಅಂದರೆ ಐಪೀಸಿನ ಕೆಲಸ. ಲೆಕ್ಕ ಸರಳ: ಟೆಲಿಸ್ಕೋಪಿನ ಸಂಗಮದೂರವನ್ನು ಐಪೀಸಿನ ಸಂಗಮದೂರದಿಂದ ಭಾಗಿಸಿದರೆ ಆಯಿತು. 900 ಮಿ.ಮೀ. ಟೆಲಿಸ್ಕೋಪಿಗೆ 25 ಮಿ.ಮೀ. ಐಪೀಸ್ ಹಾಕಿದರೆ 36 ಪಟ್ಟು, 10 ಮಿ.ಮೀ. ಹಾಕಿದರೆ 90 ಪಟ್ಟು. ಸಣ್ಣ ಐಪೀಸು ಹಾಕುತ್ತಾ ಹೋದರೆ ಎಷ್ಟು ಬೇಕಾದರೂ ಹಿಗ್ಗಿಸಬಹುದು. ಆದರೆ ಗಾಜಿನ ಅಗಲದ ಪ್ರತಿ ಮಿಲಿಮೀಟರಿಗೆ ಎರಡು ಪಟ್ಟು ದಾಟಿದರೆ ಕಾಣುವುದು ಬರೀ ಮಬ್ಬು. ಅಂದರೆ 70 ಮಿ.ಮೀ. ಟೆಲಿಸ್ಕೋಪಿನ ಮಿತಿ 140 ಪಟ್ಟು. ಗೆಲಿಲಿಯೊ 1610ರ ಜನವರಿಯಲ್ಲಿ ಗುರುಗ್ರಹದ ಚಂದ್ರರನ್ನು ಕಂಡದ್ದು ಸುಮಾರು 20 ಪಟ್ಟು ಹಿಗ್ಗಿಸುವ ಟೆಲಿಸ್ಕೋಪಿನಲ್ಲಿ.

ಗಾಜಿನಷ್ಟೇ ಮುಖ್ಯವಾದದ್ದು ಅದನ್ನು ಹೊತ್ತು ನಿಲ್ಲುವ ಸ್ಟ್ಯಾಂಡು. ಬೆರಳು ತಗುಲಿದರೆ ಅದುರುವ ಟ್ರೈಪಾಡಿನ ಮೇಲೆ ಎಂಥ ಟೆಲಿಸ್ಕೋಪ್ ಕೂರಿಸಿದರೂ ವ್ಯರ್ಥ. ‘ಈಕ್ವಟೋರಿಯಲ್’ ಎಂಬ ಮೌಂಟು ಧ್ರುವ ನಕ್ಷತ್ರದ ಕಡೆಗೆ ವಾಲಿ ನಿಂತು, ಭೂಮಿಯ ತಿರುಗಾಟಕ್ಕೆ ಸರಿಯಾಗಿ ಆಕಾಶವನ್ನು ಹಿಂಬಾಲಿಸುತ್ತದೆ. ಆದರೆ ಧ್ರುವ ನಕ್ಷತ್ರ ಬೆಂಗಳೂರಿನಲ್ಲಿ ದಿಗಂತದಿಂದ 13 ಡಿಗ್ರಿ, ಬೀದರಿನಲ್ಲಿ ಸುಮಾರು 18 ಡಿಗ್ರಿ ಮಾತ್ರ ಮೇಲಿದೆ. ಯುರೋಪು, ಅಮೆರಿಕದ 40–50 ಡಿಗ್ರಿಗೆಂದು ತಯಾರಾದ ಅಗ್ಗದ ಮೌಂಟುಗಳನ್ನು ನಮ್ಮ ಅಕ್ಷಾಂಶಕ್ಕೆ ಬಗ್ಗಿಸಿದರೆ ತೂಕದ ಬಿಲ್ಲೆ ಟ್ರೈಪಾಡಿನ ಕಾಲಿಗೆ ತಗುಲುವುದುಂಟು. ಹೊಸಬರಿಗೆ ಡಾಬ್ಸೋನಿಯನ್ ಲೇಸು. ಅದು ಮರದ ಪೆಟ್ಟಿಗೆಯ ಮೇಲೆ ಕೂತು, ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಕೈಯಲ್ಲೇ ತಿರುಗುತ್ತದೆ.

ಇದನ್ನು ರೂಪಿಸಿದ ಜಾನ್ ಡಾಬ್ಸನ್ ಸನ್ಯಾಸಿಯಾಗಿದ್ದವರು. 1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ವೇದಾಂತ ಸೊಸೈಟಿಯ ಮಠ ಸೇರಿದ ಅವರಿಗೆ ಟೆಲಿಸ್ಕೋಪಿನ ಹುಚ್ಚು ಹತ್ತಿತು. ಕೈಯಲ್ಲಿ ಕಾಸಿಲ್ಲ. ಹಡಗಿನ ಕಿಟಕಿಯ ಹಳೆ ಗಾಜು ಉಜ್ಜಿ ಕನ್ನಡಿ ಮಾಡಿದರು, ರಟ್ಟಿನ ಕೊಳವೆ, ಪ್ಲೈವುಡ್ ಜೋಡಿಸಿ ಸ್ಟ್ಯಾಂಡು ಮಾಡಿದರು. ಅದನ್ನು ಬೀದಿಗೆ ತಂದು ಹೋಗಿಬರುವವರಿಗೆಲ್ಲ ಚಂದ್ರನನ್ನು ತೋರಿಸಿದರು. ಈ ಗೀಳಿನಿಂದಾಗಿ 1967ರಲ್ಲಿ ಮಠ ಬಿಡಬೇಕಾಯಿತು. ಮರುವರ್ಷ ಹುಟ್ಟಿದ ‘ಸೈಡ್‌ವಾಕ್ ಆಸ್ಟ್ರಾನಮರ್ಸ್’ ಬಳಗದ ಮೂಲಕ ಫುಟ್‌ಪಾತಿನ ಖಗೋಳ ವೀಕ್ಷಣೆ ಜಗತ್ತಿಗೆಲ್ಲ ಹಬ್ಬಿತು. ಡಾಬ್ಸನ್ 2014ರಲ್ಲಿ ತೀರಿಕೊಂಡರು. ತಮ್ಮ ವಿನ್ಯಾಸಕ್ಕೆ ಪೇಟೆಂಟ್ ಮಾಡಿಸುವ ಗೋಜಿಗೆ ಅವರು ಹೋಗಲಿಲ್ಲ.

ಚಂದ್ರನಿಗೆ ಪಂಚಾಂಗವೇ ಕೈಪಿಡಿ

ಮೊದಲ ಚಿತ್ರಕ್ಕೆ ಚಂದ್ರನಿಗಿಂತ ಒಳ್ಳೆಯ ಮಾದರಿ ಇಲ್ಲ. ಆದರೆ ಹುಣ್ಣಿಮೆಯ ದಿನ ಟೆಲಿಸ್ಕೋಪ್ ಹೊರಗೆ ತರುವುದು ದಂಡ. ಅಂದು ಸೂರ್ಯನ ಬೆಳಕು ಚಂದ್ರನ ಮೇಲೆ ನಡುಮಧ್ಯಾಹ್ನದ ಬಿಸಿಲಿನ ಹಾಗೆ ನೇರ ಬೀಳುತ್ತದೆ. ನೆರಳಿಲ್ಲದ ಕಾರಣ ಗುಡ್ಡವೂ ಒಂದೇ, ಗುಂಡಿಯೂ ಒಂದೇ. ಅಡುಗೆಮನೆಯ ಗೋಡೆಗೆ ನೇತುಹಾಕಿದ ಕ್ಯಾಲೆಂಡರಿನಲ್ಲಿ ಶುಕ್ಲ ಪಕ್ಷದ ಪಂಚಮಿಯಿಂದ ದಶಮಿಯವರೆಗಿನ ದಿನ ಗುರುತು ಮಾಡಿಕೊಳ್ಳಿ. ಸೂರ್ಯನಿಂದ ಚಂದ್ರ 12 ಡಿಗ್ರಿ ದೂರ ಸರಿದರೆ ಒಂದು ತಿಥಿ. ಅಷ್ಟಮಿಯ ಹೊತ್ತಿಗೆ 90 ಡಿಗ್ರಿ ದಾಟುತ್ತದೆ, ಅರ್ಧಚಂದ್ರ ಸಂಜೆಗೇ ನೆತ್ತಿಯ ಬಳಿ ಇರುತ್ತಾನೆ. ಬೆಳಕು–ಕತ್ತಲೆ ಕೂಡುವ ಗೆರೆಯಲ್ಲಿ ನೆರಳುಗಳು ಉದ್ದುದ್ದ ಚಾಚಿರುತ್ತವೆ. ಕುಳಿಯ ಅಂಚು, ನಡುವಿನ ಶಿಖರ, ಬೆಟ್ಟದ ಸಾಲು ಎಲ್ಲವೂ ಎದ್ದು ಕಾಣುವುದು ಆಗಲೇ.

ಅಷ್ಟಮಿ ಕಳೆದು ಒಂದೆರಡು ದಿನಕ್ಕೆ 93 ಕಿ.ಮೀ. ಅಗಲದ ಕೋಪರ್ನಿಕಸ್ ಕುಳಿಗೆ ಬೆಳಗಾಗುತ್ತದೆ. ದಕ್ಷಿಣದಲ್ಲಿ 231 ಕಿ.ಮೀ.ಯ ಕ್ಲೇವಿಯಸ್, ಅದರೊಳಗೆ ಬಿಲ್ಲಿನಾಕಾರದಲ್ಲಿ ಸಣ್ಣ ಕುಳಿಗಳ ಸಾಲು. ಇನ್ನೂ ದಕ್ಷಿಣಕ್ಕೆ, ಚಂದ್ರನ ಅಂಚಿನ ಹತ್ತಿರ ಮ್ಯಾನ್ಝಿನಸ್ ಎಂಬ ಕುಳಿ ಇದೆ. 2023ರ ಆಗಸ್ಟ್ 23ರಂದು ಚಂದ್ರಯಾನ–3 ಇಳಿದ ‘ಶಿವಶಕ್ತಿ’ ತಾಣ ಅದರ ನೆರೆಯಲ್ಲಿದೆ. ಅಲ್ಲಿ ನಿಂತಿರುವ ವಿಕ್ರಮ್ ಲ್ಯಾಂಡರ್ ನಮ್ಮ ಟೆಲಿಸ್ಕೋಪಿಗೆ ಕಾಣುವ ಮಾತೇ ಇಲ್ಲ. ಆದರೆ ಬೆಂಗಳೂರಿನಿಂದ ನಿಯಂತ್ರಿಸಿ, ಬ್ಯಾಲಾಳುವಿನ ಬೃಹತ್ ಆಂಟೆನಾಗಳಿಂದ ಮಾತಾಡಿಸಿದ ನೌಕೆ ಇಳಿದದ್ದು ಇಗೋ ಇಲ್ಲಿ ಎಂದು ಮಕ್ಕಳಿಗೆ ತೋರಿಸಬಹುದು.

ಐಪೀಸಿನ ಮುಂದೆ ಫೋನು

ಟೆಲಿಸ್ಕೋಪಿಗೆ ಕಣ್ಣಿಡುವ ಜಾಗದಲ್ಲಿ ಫೋನಿನ ಕ್ಯಾಮೆರಾ ಇಡುವುದು, ತಂತ್ರವೆಂದರೆ ಇಷ್ಟೇ. ಮಾಡುವಾಗ ಮಾತ್ರ ಕೈ ನಡುಗುತ್ತದೆ, ಚಂದ್ರ ಜಾರುತ್ತಾನೆ, ಪರದೆ ಕಪ್ಪಾಗುತ್ತದೆ. ಯಾಕೆಂದರೆ ಐಪೀಸಿನಿಂದ ಹೊರಬರುವ ಬೆಳಕೆಲ್ಲ ಗಾಜಿನಿಂದ ತುಸು ಹೊರಗೆ, ಒಂದು ಸಣ್ಣ ಬೊಟ್ಟಿನಲ್ಲಿ ಕೂಡುತ್ತದೆ. 70 ಮಿ.ಮೀ. ಟೆಲಿಸ್ಕೋಪಿನಲ್ಲಿ 36 ಪಟ್ಟು ಹಿಗ್ಗಿಸಿದಾಗ ಆ ಬೊಟ್ಟಿನ ಅಗಲ 2 ಮಿ.ಮೀ.ಗೂ ಕಡಿಮೆ. ಫೋನಿನ ಲೆನ್ಸು ಸರಿಯಾಗಿ ಅದರ ಮೇಲೇ ಕೂರಬೇಕು. ಕೈಯಲ್ಲಿ ಹಿಡಿದು ಒಂದೆರಡು ಸಲ ಗೆಲ್ಲಬಹುದು, ಪ್ರತಿ ಸಲ ಆಗದು. ಐಪೀಸಿಗೆ ಕಚ್ಚಿಕೊಂಡು ಫೋನನ್ನು ಬಿಗಿಯಾಗಿ ಹಿಡಿಯುವ ಹೋಲ್ಡರು ಅದಕ್ಕೇ ಬೇಕು. ಈ ಹವ್ಯಾಸದಲ್ಲಿ ಕೊಟ್ಟ ಕಾಸಿಗೆ ಅತಿ ಹೆಚ್ಚು ಉಪಕಾರ ಮಾಡುವ ವಸ್ತು ಅದೇ.

ಮೊದಲು ಕಣ್ಣಿನಿಂದಲೇ ನೋಡಿ ಚಂದ್ರನನ್ನು ನಡುವಿಗೆ ತಂದು ಫೋಕಸ್ ಮಾಡಿಕೊಳ್ಳಿ. ಹೋಲ್ಡರಿನಲ್ಲಿ ಫೋನಿನ ಮುಖ್ಯ ಕ್ಯಾಮೆರಾವನ್ನೇ ಐಪೀಸಿನ ನೇರಕ್ಕೆ ತನ್ನಿ. ಎರಡು–ಮೂರು ಲೆನ್ಸಿರುವ ಫೋನುಗಳು ಜೂಮ್ ಮಾಡಿದ ತಕ್ಷಣ ತಮ್ಮಷ್ಟಕ್ಕೆ ಬೇರೆ ಲೆನ್ಸಿಗೆ ಹಾರುವುದುಂಟು, ಆಗ ಪರದೆಯಲ್ಲಿ ಏನೂ ಇರುವುದಿಲ್ಲ. ಫ್ಲ್ಯಾಶ್ ಆಫ್ ಮಾಡಿ. ಸುತ್ತಲಿನ ಕತ್ತಲು ನೋಡಿ ಫೋನು ಬೆಳಕು ಹೆಚ್ಚಿಸಲು ಹೊರಡುತ್ತದೆ, ಚಂದ್ರ ಬಿಳಿ ಬಿಲ್ಲೆಯಾಗುತ್ತಾನೆ. ಚಂದ್ರನ ನೆಲ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇ 12ರಷ್ಟನ್ನು ಮಾತ್ರ ಹಿಂದಿರುಗಿಸಿದರೂ ಅಲ್ಲಿರುವುದು ಹಗಲು. ಆದ್ದರಿಂದ ಪರದೆಯ ಮೇಲೆ ಚಂದ್ರನನ್ನು ಬೆರಳಿನಿಂದ ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಕುಳಿಗಳ ವಿವರ ಕಾಣುವವರೆಗೆ ಎಕ್ಸ್‌ಪೋಷರ್ ಇಳಿಸಿ. ‘ಪ್ರೊ’ ಮೋಡ್ ಇದ್ದರೆ ಐಎಸ್‌ಒ 50–100ರಲ್ಲಿಟ್ಟು ಶಟರ್ ವೇಗ ಹೊಂದಿಸಿಕೊಳ್ಳಿ. ಪರದೆ ಮುಟ್ಟಿ ಕ್ಲಿಕ್ ಮಾಡಿದರೆ ಇಡೀ ಟೆಲಿಸ್ಕೋಪ್ ಅಲ್ಲಾಡುತ್ತದೆ. ಮೂರು ಸೆಕೆಂಡಿನ ಟೈಮರ್ ಇಡಿ.

ಇಷ್ಟರಲ್ಲಿ ಚಂದ್ರ ಅಂಚಿಗೆ ಸರಿದಿರುತ್ತಾನೆ. ಅದು ಸ್ಟ್ಯಾಂಡಿನ ತಪ್ಪಲ್ಲ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ, ಚಂದ್ರನ ಬಿಂಬದ ಅಗಲ ಸುಮಾರು ಅರ್ಧ ಡಿಗ್ರಿ. ಎರಡು ನಿಮಿಷಕ್ಕೆ ಚಂದ್ರ ತನ್ನ ಅಗಲದಷ್ಟು ದೂರ ಸಾಗಿಬಿಡುತ್ತಾನೆ. ಅವನನ್ನು ಮುಂದಿನ ಅಂಚಿನಲ್ಲಿ ಕೂರಿಸಿ, ತೇಲಿ ನಡುವಿಗೆ ಬರುವವರೆಗೆ ಕಾದು ಕ್ಲಿಕ್ಕಿಸುವುದು ಕೈಯಿಂದ ತಿರುಗಿಸುವ ಟೆಲಿಸ್ಕೋಪಿನವರ ಉಪಾಯ.

ಶನಿಯ ಬಳೆ, ಗುರುವಿನ ಪಟ್ಟೆ

ಟೆಲಿಸ್ಕೋಪಿನಲ್ಲಿ ಮೊದಲ ಸಲ ಶನಿಯನ್ನು ನೋಡಿದವರು ಸುಮ್ಮನಿರುವುದಿಲ್ಲ. ಯಾರೋ ಒಳಗೆ ಚಿತ್ರ ಅಂಟಿಸಿದ್ದಾರೆಂದು ಕೊಳವೆಯ ಮುಂದಕ್ಕೆ ಹೋಗಿ ಬಗ್ಗಿ ನೋಡಿದವರನ್ನು ಕಂಡಿದ್ದೇನೆ. ನಮ್ಮ ಬೀದಿಯ ಅಜ್ಜಿಯೊಬ್ಬರು ತಾರಸಿಗೆ ಬಂದೂ ಹತ್ತಿರ ಸುಳಿಯದೆ, ‘ಶನೀಶ್ವರನ್ನ ಹಿಂಗೆ ಕಣ್ಣಿಟ್ಟು ನೋಡಿದ್ರೆ ಹೆಗಲೇರಲ್ವೇನಪ್ಪಾ?’ ಎಂದಿದ್ದರು. ಮೊಮ್ಮಗಳು ಕೈಹಿಡಿದು ಎಳೆದು ತಂದ ಮೇಲೆ ಐಪೀಸಿಗೆ ಕಣ್ಣಿಟ್ಟವರು ಬಹಳ ಹೊತ್ತು ಕದಲಲಿಲ್ಲ. ‘ಇಷ್ಟು ಚಂದ ಇದಾನೆ, ಇವನಿಗ್ಯಾಕೆ ಅಷ್ಟು ಹೆದರ್ತಿದ್ವಿ?’

ಆ ಹೆದರಿಕೆಯ ಹಿಂದೆಯೂ ಖಗೋಳದ ಲೆಕ್ಕವೊಂದಿದೆ. ಶನಿ ಸೂರ್ಯನ ಸುತ್ತ ಬರಲು ಇಪ್ಪತ್ತೊಂಬತ್ತೂವರೆ ವರ್ಷ ಬೇಕು. ಹನ್ನೆರಡು ರಾಶಿಗೆ ಹಂಚಿದರೆ ರಾಶಿಗೆ ಸುಮಾರು ಎರಡೂವರೆ ವರ್ಷ. ಹುಟ್ಟಿದ ರಾಶಿ, ಅದರ ಹಿಂದಿನದು, ಮುಂದಿನದು ಎಂದು ಮೂರಕ್ಕೆ ಸೇರಿಸಿದರೆ ಏಳೂವರೆ. ‘ಏಳೂವರೆ ಶನಿ’ ಎಂಬ ಅವಧಿ ಬಂದದ್ದು ಗ್ರಹದ ಈ ನಿಧಾನ ನಡಿಗೆಯಿಂದ.

1610ರಲ್ಲಿ ಗೆಲಿಲಿಯೊಗೆ ಶನಿ ಮೂರು ಗ್ರಹಗಳು ಒತ್ತಿಕೊಂಡು ಕೂತಂತೆ ಕಂಡಿತು. 1612ರಲ್ಲಿ ಪಕ್ಕದ ಎರಡೂ ಮಾಯ! ಅದು ಬಳೆ ಎಂದು ಬಿಡಿಸಿ ಹೇಳಿದವರು ಖಗೋಳ ವಿಜ್ಞಾನಿ ಹೈಗನ್ಸ್, 1659ರಲ್ಲಿ. ಬಳೆಯ ಅಂಚು ನೇರ ನಮ್ಮ ಕಡೆಗೆ ತಿರುಗಿದಾಗ ಅದು ಗೆರೆಯಷ್ಟು ತೆಳುವಾಗಿ ಕಾಣದಾಗುತ್ತದೆ. 2025ರ ಮಾರ್ಚಿನಲ್ಲಿ ಆದದ್ದೂ ಅದೇ. ಈಗ ಬಳೆ ವರ್ಷದಿಂದ ವರ್ಷಕ್ಕೆ ತೆರೆದುಕೊಳ್ಳುತ್ತಿದೆ, 2032ರ ಸುಮಾರಿಗೆ ಪೂರ್ತಿ ಅಗಲಿಸುತ್ತದೆ. ಇಂದು ಚಿತ್ರ ತೆಗೆಯಲು ಶುರುಮಾಡುವವರು ಪ್ರತಿ ವರ್ಷ ಒಂದೊಂದು ಚಿತ್ರ ತೆಗೆದಿಟ್ಟರೂ ಸಾಕು, ಆ ಇಡೀ ಬದಲಾವಣೆ ಅವರ ಫೋನಿನಲ್ಲೇ ದಾಖಲಾಗುತ್ತದೆ.

ಗ್ರಹಗಳ ಫೋಟೊ ತೆಗೆಯಬೇಡಿ, ವಿಡಿಯೊ ತೆಗೆಯಿರಿ. ನಕ್ಷತ್ರ ಮಿನುಗುವಂತೆ ಮಾಡುವ ಗಾಳಿಯ ಕಲಕಾಟ ಗ್ರಹದ ಬಿಂಬವನ್ನೂ ಕುಣಿಸುತ್ತದೆ. ಒಂದು ಕ್ಷಣ ಮಸುಕು, ಮರುಕ್ಷಣ ಸ್ಪಷ್ಟ. ಸೆಕೆಂಡಿಗೆ 60 ಚೌಕಟ್ಟಿನಂತೆ ಒಂದು ನಿಮಿಷ ವಿಡಿಯೊ ಮಾಡಿದರೆ 3600 ಚಿತ್ರ ಸಿಗುತ್ತವೆ. ‘ಆಟೊಸ್ಟ್ಯಾಕರ್ಟ್’ ಎಂಬ ಉಚಿತ ತಂತ್ರಾಂಶ ಅವನ್ನೆಲ್ಲ ಪರೀಕ್ಷಿಸಿ, ಚೆನ್ನಾಗಿರುವ ಏಳೆಂಟು ನೂರನ್ನು ಆರಿಸಿ, ಒಂದರ ಮೇಲೊಂದು ಹೊಂದಿಸಿ ಕೂಡಿಸುತ್ತದೆ. ನಾಲ್ಕು ಚಿತ್ರ ಕೂಡಿಸಿದರೆ ಕಾಳುಕಾಳಾದ ಗದ್ದಲ ಅರ್ಧಕ್ಕಿಳಿಯುತ್ತದೆ, ನೂರು ಕೂಡಿಸಿದರೆ ಹತ್ತನೇ ಒಂದಕ್ಕೆ. ಆಮೇಲೆ ‘ರೆಜಿಸ್ಟ್ಯಾಕ್ಸ್’ನಲ್ಲಿ ಹದವಾಗಿ ತೀಡಿದರೆ ಗುರುವಿನ ಎರಡು ಕಂದು ಪಟ್ಟೆಗಳು ಮೂಡುತ್ತವೆ. ಗುರು ಹತ್ತು ಗಂಟೆಯೊಳಗೆ ತನ್ನ ಸುತ್ತ ಒಂದು ಸುತ್ತು ಬರುವುದರಿಂದ ವಿಡಿಯೊ ಎರಡು–ಮೂರು ನಿಮಿಷ ದಾಟದಿರಲಿ, ಪಟ್ಟೆಯ ವಿವರ ಕಲಸಿಹೋಗುತ್ತದೆ.

ಗುರುವಿನ ಅಕ್ಕಪಕ್ಕದ ನಾಲ್ಕು ಚುಕ್ಕೆಗಳನ್ನು ಸಂಜೆ ಒಮ್ಮೆ, ಮಲಗುವ ಮುನ್ನ ಒಮ್ಮೆ ತೆಗೆದು ಹೋಲಿಸಿ ನೋಡಿ. ಐಯೊ ಎಂಬ ಚಂದ್ರ ಒಂದು ಮುಕ್ಕಾಲು ದಿನಕ್ಕೆ ಗುರುವನ್ನು ಸುತ್ತಿಬಿಡುತ್ತದೆ. ನಾಲ್ಕೈದು ಗಂಟೆಯಲ್ಲಿ ಅದು ಜಾಗ ಬದಲಿಸಿರುವುದು ಗೊತ್ತಾಗುತ್ತದೆ. 2027ರ ಫೆಬ್ರುವರಿ ಇದಕ್ಕೆ ಪ್ರಶಸ್ತ. ಗುರು ಮತ್ತು ಮಂಗಳ ಎರಡೂ ಕೆಲವೇ ದಿನಗಳ ಅಂತರದಲ್ಲಿ ಸೂರ್ಯನಿಗೆ ಎದುರಾಗಿ, ಸಿಂಹ ರಾಶಿಯ ಆಸುಪಾಸಿನಲ್ಲಿ ರಾತ್ರಿಯಿಡೀ ಬೆಳಗುತ್ತವೆ.

ಇನ್ನೊಂದು ಮಾತು. ಹಗಲೆಲ್ಲ ಬಿಸಿಲು ಕುಡಿದ ಕಾಂಕ್ರೀಟ್ ತಾರಸಿ ಸಂಜೆ ಏಳೆಂಟರವರೆಗೂ ಶಾಖ ಉಗುಳುತ್ತಿರುತ್ತದೆ. ಬಿಂಬ ನೀರಿನಡಿ ಇದ್ದಂತೆ ಅಲುಗಾಡಲು ಇದೂ ಕಾರಣ. ಟೆಲಿಸ್ಕೋಪನ್ನು ಅರ್ಧ ಗಂಟೆ ಮೊದಲೇ ಹೊರಗಿಟ್ಟು ತಣಿಯಲು ಬಿಡಿ. ರಾತ್ರಿ ಹತ್ತರ ನಂತರ ತೆಗೆದ ಚಿತ್ರಕ್ಕೂ ಏಳಕ್ಕೆ ತೆಗೆದ ಚಿತ್ರಕ್ಕೂ ವ್ಯತ್ಯಾಸ ನಿಮಗೇ ಕಾಣುತ್ತದೆ.

ನಮ್ಮ ಅಕ್ಷಾಂಶದ ಭಾಗ್ಯ

ನ್ಯೂಯಾರ್ಕಿನ ಜಾನ್ ವಿಲಿಯಂ ಡ್ರೇಪರ್ 1840ರಲ್ಲಿ ಚಂದ್ರನ ಚಿತ್ರ ತೆಗೆದರು. ನಲವತ್ತು ವರ್ಷಗಳ ನಂತರ, 1880ರ ಸೆಪ್ಟೆಂಬರ್ 30ರಂದು ಅವರ ಮಗ ಹೆನ್ರಿ ಡ್ರೇಪರ್ 11 ಅಂಗುಲದ ಟೆಲಿಸ್ಕೋಪಿನಲ್ಲಿ 51 ನಿಮಿಷ ಬೆಳಕು ಹಿಡಿದು ಮಹಾವ್ಯಾಧನ ನೀಹಾರಿಕೆಯನ್ನು ಚಿತ್ರಿಸಿದರು. ನೀಹಾರಿಕೆಯೊಂದು ಫೋಟೊದಲ್ಲಿ ಸಿಕ್ಕಿದ್ದು ಅದೇ ಮೊದಲು. 1,300ಕ್ಕೂ ಹೆಚ್ಚು ಜ್ಯೋತಿರ್ವರ್ಷ ದೂರದ, ಹೊಸ ನಕ್ಷತ್ರಗಳು ಹುಟ್ಟುತ್ತಿರುವ ಅದೇ ಅನಿಲದ ಮೋಡವನ್ನು ಇಂದು ಫೋನು ಕೆಲವು ಸೆಕೆಂಡಿನ ಹಲವಾರು ಚಿತ್ರಗಳನ್ನು ಕೂಡಿಸಿ ಹಿಡಿಯಬಲ್ಲದು. ಸೊಂಟಪಟ್ಟಿಯ ಕೆಳಗೆ ಕಠಾರಿಯ ನಡುವೆ ಮಂಜಿನಂತೆ ಕಾಣುವುದೇ ಅದು. ಕಣ್ಣಿಗೆ ಬೂದು ಬಣ್ಣ, ಚಿತ್ರದಲ್ಲಿ ನಸುಗೆಂಪು. ಮಬ್ಬು ಬೆಳಕಿನಲ್ಲಿ ಬಣ್ಣ ಗುರುತಿಸುವ ಶಕ್ತಿ ನಮ್ಮ ಕಣ್ಣಿಗಿಲ್ಲ, ಕ್ಯಾಮೆರಾಕ್ಕಿದೆ. ಕೃತ್ತಿಕೆಯ ಗೊಂಚಲು, ವೃಶ್ಚಿಕದ ಬಾಲದ ಬಳಿಯ ನಕ್ಷತ್ರಪುಂಜಗಳು ಸಹ ಸುಲಭದ ಬೇಟೆ.

ಟೆಲಿಸ್ಕೋಪ್ ಇಲ್ಲದೆಯೂ ಆಗುವ ಕೆಲಸವಿದೆ. ಫೋನನ್ನು ಟ್ರೈಪಾಡಿನ ಮೇಲೆ ಆಕಾಶಕ್ಕೆ ಮುಖ ಮಾಡಿ ಕೂರಿಸಿ, 15–20 ಸೆಕೆಂಡಿನಂತೆ ಚಿತ್ರ ತೆಗೆಯುತ್ತಾ ಹೋಗಿ. ಅದಕ್ಕಿಂತ ಹೆಚ್ಚು ಹೊತ್ತು ತೆರೆದಿಟ್ಟರೆ ಚುಕ್ಕೆ ಗೆರೆಯಾಗುತ್ತದೆ. ಕತ್ತಲು ಚೆನ್ನಾಗಿರುವ ಕಡೆ ಇಂಥ ಹಲವು ಚಿತ್ರ ಕೂಡಿಸಿದರೆ ಆಕಾಶಗಂಗೆಯ ಕಪ್ಪು ಸೀಳುಗಳೂ ಬಿಡಿಸಿಕೊಳ್ಳುತ್ತವೆ. 2019ರಲ್ಲಿ ಗೂಗಲ್ ಪಿಕ್ಸೆಲ್ 4 ಫೋನು ಈ ಕೂಡಿಸುವ ಕೆಲಸವನ್ನು ತಾನೇ ಮಾಡತೊಡಗಿತು; ಆಮೇಲೆ ಬೇರೆ ಕಂಪನಿಗಳೂ ಆ ಹಾದಿ ಹಿಡಿದವು. ಈಗ ‘ಸೀಸ್ಟಾರ್’ನಂಥ ಸ್ಮಾರ್ಟ್ ಟೆಲಿಸ್ಕೋಪುಗಳಿಗೆ ಕಣ್ಣಿಡುವ ಜಾಗವೇ ಇಲ್ಲ. ನಕ್ಷತ್ರ ಹುಡುಕುವುದು, ಹಿಂಬಾಲಿಸುವುದು, ಚಿತ್ರ ಕೂಡಿಸುವುದು ಎಲ್ಲ ಅವೇ ಮಾಡಿ ಫೋನಿಗೆ ಕಳಿಸುತ್ತವೆ. ಚಿತ್ರ ಚೆನ್ನಾಗಿ ಬರುತ್ತದೆ, ಆದರೆ ಆಕಾಶದ ದಾರಿ ಕಲಿತಂತಾಗುವುದಿಲ್ಲ.

ಕರ್ನಾಟಕದವರಿಗೆ ಒಂದು ಅನುಕೂಲ ಉಂಟು, ಅದು ಲಂಡನ್, ಪ್ಯಾರಿಸ್‌ನವರಿಗಿಲ್ಲ. ಇಲ್ಲಿ ಉತ್ತರಕ್ಕೆ ಧ್ರುವ ನಕ್ಷತ್ರವೂ ಕಾಣುತ್ತದೆ, ದಕ್ಷಿಣಕ್ಕೆ ಅಗಸ್ತ್ಯ, ತ್ರಿಶಂಕು ನಕ್ಷತ್ರಗಳೂ ಕಾಣುತ್ತವೆ. ಹದಿನೆಂಟನೇ ಶತಮಾನದಲ್ಲಿ ಚಾರ್ಲ್ಸ್ ಮೆಸಿಯೆ ಪ್ಯಾರಿಸ್‌ನಲ್ಲಿ ಕೂತು ಮಾಡಿದ, ಮಂಜಿನಂತೆ ಕಾಣುವ ಆಕಾಶಕಾಯಗಳ ಪ್ರಸಿದ್ಧ ಪಟ್ಟಿಯಲ್ಲಿ ಒಮೆಗಾ ಸೆಂಟಾರಿಯ ಹೆಸರಿಲ್ಲ. ಅವನ ದಿಗಂತದ ಮೇಲಕ್ಕೆ ಅದು ಬರುತ್ತಲೇ ಇರಲಿಲ್ಲ. ಸುಮಾರು ಒಂದು ಕೋಟಿ ನಕ್ಷತ್ರಗಳು ಕಿಕ್ಕಿರಿದ ಈ ಗೋಳಾಕಾರದ ಗುಂಪು ಬೆಂಗಳೂರಿನಲ್ಲಿ ದಕ್ಷಿಣ ದಿಗಂತದಿಂದ 30 ಡಿಗ್ರಿಯಷ್ಟು ಮೇಲೇರುತ್ತದೆ. ಏಪ್ರಿಲ್–ಮೇ ತಿಂಗಳ ರಾತ್ರಿ, ತ್ರಿಶಂಕುವಿಗಿಂತ ಎಡಕ್ಕೆ, ತುಸು ಮೇಲೆ ಹುಡುಕಿದರೆ ಬೈನಾಕ್ಯುಲರಿಗೂ ಸಿಗುತ್ತದೆ.

ಫೋನು ಬಿಡಿಸುವ ಚಂದ್ರ

ಫೋಟೊ ಚೆನ್ನಾಗಿ ಬಂತೆಂದು ಹಿಗ್ಗುವ ಮುನ್ನ ಅದನ್ನು ತೆಗೆದವರು ಯಾರು ಎಂದು ಕೇಳಿಕೊಳ್ಳಬೇಕಾದ ಕಾಲ ಇದು. 2023ರ ಮಾರ್ಚಿನಲ್ಲಿ ಒಬ್ಬರು ಚಂದ್ರನ ಚಿತ್ರವೊಂದನ್ನು ಬೇಕೆಂದೇ ಮಸುಕಾಗಿಸಿ, ಕಂಪ್ಯೂಟರ್ ಪರದೆಯ ಮೇಲೆ ತೋರಿಸಿ, ದೂರದಿಂದ ಸ್ಯಾಮ್ಸಂಗ್ ಫೋನಿನಲ್ಲಿ ಸೆರೆಹಿಡಿದರು. ಪರದೆಯ ಮೇಲೆ ಇಲ್ಲದ ವಿವರಗಳು ಫೋನಿನ ಚಿತ್ರದಲ್ಲಿ ಇದ್ದವು! ಚಂದ್ರನನ್ನು ಗುರುತಿಸಿದಾಗ ಕೃತಕ ಬುದ್ಧಿಮತ್ತೆ ಬಳಸಿ ವಿವರ ಹೆಚ್ಚಿಸುವ ವ್ಯವಸ್ಥೆ ಇದೆ, ಬೇಡವಾದವರು ಅದನ್ನು ಆರಿಸಿಡಬಹುದು ಎಂದು ಕಂಪನಿ ವಿವರಣೆ ಕೊಟ್ಟಿತು.

ಚಿತ್ರಗಳನ್ನು ಕೂಡಿಸುವ ‘ಸ್ಟ್ಯಾಕಿಂಗ್’ಗೂ ಇದಕ್ಕೂ ಇರುವ ಅಂತರ ತಿಳಿದಿರಲಿ. ಸಾವಿರ ಚೌಕಟ್ಟು ಕೂಡಿಸಿದಾಗ ಬರುವ ವಿವರ ನಿಮ್ಮ ಟೆಲಿಸ್ಕೋಪಿನೊಳಗೆ ನಿಜವಾಗಿ ಬಿದ್ದ ಬೆಳಕಿನದು. ಫೋನು ತಾನಾಗಿ ತುಂಬಿಕೊಟ್ಟದ್ದು ಬೇರೆಲ್ಲೋ ಕಲಿತ ಚಂದ್ರನದು. ಇದು ಬರೀ ಮಡಿವಂತಿಕೆಯ ಮಾತಲ್ಲ. 2009ರ ಜುಲೈ 19ರಂದು ಆಸ್ಟ್ರೇಲಿಯಾದ ಹವ್ಯಾಸಿ ಆಂಥನಿ ವೆಸ್ಲಿ ತಮ್ಮ ಮನೆಯ ಟೆಲಿಸ್ಕೋಪಿನಲ್ಲಿ ಗುರುವಿನ ಮೇಲೊಂದು ಹೊಸ ಕಪ್ಪು ಕಲೆ ಕಂಡರು. ಯಾವುದೋ ಆಕಾಶಕಾಯ ಬಡಿದ ಗಾಯ ಅದು. ದೊಡ್ಡ ವೀಕ್ಷಣಾಲಯಗಳು ಅತ್ತ ತಿರುಗಿದ್ದು ಆಮೇಲೆ. ಅವರ ಕ್ಯಾಮೆರಾ ಗುರುಗ್ರಹ ಹೀಗಿರಬೇಕೆಂದು ತಾನೇ ತಿದ್ದಿಬಿಟ್ಟಿದ್ದರೆ ಆ ಕಲೆ ಅಳಿಸಿಹೋಗುತ್ತಿತ್ತು. ಆಕಾಶದ ಫೋಟೊ ತೆಗೆಯುವಾಗ ಇಂಥ ‘ಅಲಂಕಾರ’ದ ಆಯ್ಕೆಗಳನ್ನು ಆರಿಸಿಟ್ಟು, ಸಾಧ್ಯವಾದರೆ ಫೋನು ತಿದ್ದದ ‘ರಾ’ ಫೈಲನ್ನೂ ಉಳಿಸಿಕೊಳ್ಳಿ.

ಕತ್ತಲೆಗೂ ಬರ

ಅಮೆರಿಕದ ಜಾನ್ ಬಾರ್ಟಲ್ 2001ರಲ್ಲಿ ಆಕಾಶದ ಕತ್ತಲೆ ಅಳೆಯಲು ಒಂದರಿಂದ ಒಂಬತ್ತರವರೆಗಿನ ಅಳತೆಪಟ್ಟಿ ಕೊಟ್ಟರು. ಒಂದು ಅಂದರೆ ಕಾರ್ಗತ್ತಲು, ಒಂಬತ್ತು ಅಂದರೆ ಮಹಾನಗರದ ನಡುಮಧ್ಯ. ಬೆಂಗಳೂರಿನ ಒಳಭಾಗದವರು ಎಂಟು–ಒಂಬತ್ತರಲ್ಲೇ ಬದುಕುತ್ತಿದ್ದಾರೆ. ಅಲ್ಲಿಂದ ಚಂದ್ರ, ಗ್ರಹ, ಜೋಡಿ ನಕ್ಷತ್ರಗಳಿಗೆ ತೊಂದರೆ ಇಲ್ಲ. ಸಪ್ತರ್ಷಿಯ ವಸಿಷ್ಠ–ಅರುಂಧತಿಯನ್ನು ಟೆಲಿಸ್ಕೋಪಿನಲ್ಲಿ ನೋಡಿದರೆ ವಸಿಷ್ಠನೇ ಎರಡಾಗಿ ಒಡೆಯುವುದು ನಗರದಿಂದಲೂ ಚೆನ್ನಾಗಿ ಕಾಣುತ್ತದೆ. ನೀಹಾರಿಕೆ, ಆಕಾಶಗಂಗೆ ಬೇಕೆಂದರೆ ಮಾತ್ರ ಅಮಾವಾಸ್ಯೆಯ ಆಸುಪಾಸಿನಲ್ಲಿ ಊರ ಕಡೆ ಬಸ್ಸು ಹತ್ತಬೇಕು. ಕೊಡಗು, ಚಿಕ್ಕಮಗಳೂರಿನ ಒಳಹಳ್ಳಿಗಳಲ್ಲಿ, ಬಯಲುಸೀಮೆಯ ಹೊಲಗಳಲ್ಲಿ ಇನ್ನೂ ಕತ್ತಲು ಉಳಿದಿದೆ. ಕರೆಂಟು ಹೋದಾಗ ಶಾಪ ಹಾಕದೆ ಹೊರಗೆ ಓಡುವವರು ನಕ್ಷತ್ರ ವೀಕ್ಷಕರು ಮಾತ್ರ ಇರಬೇಕು.

2022ರ ಡಿಸೆಂಬರಿನಲ್ಲಿ ಲಡಾಖಿನ ಹಾನ್ಲೆ ಸುತ್ತಮುತ್ತಲ ಪ್ರದೇಶವನ್ನು ‘ಡಾರ್ಕ್ ಸ್ಕೈ ರಿಸರ್ವ್’ ಎಂದು ಘೋಷಿಸಲಾಯಿತು. ಅಲ್ಲಿನ ವೀಕ್ಷಣಾಲಯ ನಡೆಸುವುದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆ. ತಮಿಳುನಾಡಿನ ಜವಾದಿ ಬೆಟ್ಟದ ಕಾವಲೂರು ವೀಕ್ಷಣಾಲಯವೂ ಇದೇ ಸಂಸ್ಥೆಯದು. ಬೆಂಗಳೂರಿನಲ್ಲಿ 1989ರಿಂದ ಇರುವ ಜವಾಹರಲಾಲ್ ನೆಹರೂ ತಾರಾಲಯ, ಮಂಗಳೂರಿನ ಪಿಲಿಕುಳದಲ್ಲಿ 2018ರಲ್ಲಿ ಶುರುವಾದ ಸ್ವಾಮಿ ವಿವೇಕಾನಂದ ತಾರಾಲಯ ಹೊಸಬರಿಗೆ ಒಳ್ಳೆಯ ಬಾಗಿಲುಗಳು. ಜಿ.ಟಿ. ನಾರಾಯಣರಾಯರಂಥವರು ಕನ್ನಡದಲ್ಲಿ ಬರೆದಿಟ್ಟ ಖಗೋಳದ ಪುಸ್ತಕಗಳು ಗ್ರಂಥಾಲಯಗಳಲ್ಲಿ ಸಿಗುತ್ತವೆ.

ಸೂರ್ಯನ ವಿಷಯದಲ್ಲಿ ಚೌಕಾಶಿ ಇಲ್ಲ

2019ರ ಡಿಸೆಂಬರ್ 26ರ ಕಂಕಣ ಗ್ರಹಣ ಕೊಡಗಿನ ಕುಟ್ಟದವರೆಗೂ ಜನರನ್ನು ಎಳೆದೊಯ್ದಿತ್ತು. ಮುಂದಿನ ಗ್ರಹಣಗಳಿಗೆ ಟೆಲಿಸ್ಕೋಪ್ ಸಜ್ಜು ಮಾಡುವವರು ಒಂದು ಮಾತು ಮರೆಯಬಾರದು. ಸೌರ ಫಿಲ್ಟರನ್ನು ಕೊಳವೆಯ ಮುಂದಿನ ಬಾಯಿಗೆ ಕಟ್ಟಬೇಕು, ಗಾಳಿಗೆ ಹಾರದಂತೆ ಟೇಪು ಸುತ್ತಬೇಕು. ಕೆಲವು ಹಳೆ ಟೆಲಿಸ್ಕೋಪುಗಳ ಜೊತೆ ಬರುವ, ಐಪೀಸಿಗೆ ತಿರುಗಿಸಿ ಕೂರಿಸುವ ‘ಸನ್ ಫಿಲ್ಟರ್’ ಗಾಜು ಬಿಸಿಗೆ ಸಿಡಿಯಬಲ್ಲದು, ಅದನ್ನು ಎಸೆದುಬಿಡಿ. ಎಕ್ಸ್‌ರೇ ಫಿಲ್ಮು, ಮಸಿ ಹಿಡಿದ ಗಾಜು ಯಾವುದೂ ನಡೆಯದು. ಫಿಲ್ಟರಿಲ್ಲದೆ ಸೂರ್ಯನತ್ತ ತಿರುಗಿದ ಟೆಲಿಸ್ಕೋಪು ಕ್ಷಣದಲ್ಲಿ ಕಣ್ಣನ್ನು ಸುಡುತ್ತದೆ, ಫೋನಿನ ಸೆನ್ಸರನ್ನೂ. ಗುರಿ ಹಿಡಿಯಲು ಕೊಳವೆಯ ಮೇಲಿರುವ ಪುಟ್ಟ ಫೈಂಡರಿಗೂ ಮುಚ್ಚಳ ಹಾಕಿರಿ.

ಚಂದ್ರಗ್ರಹಣಕ್ಕೆ ಈ ಯಾವ ಭಯವೂ ಇಲ್ಲ. 2028ರ ಡಿಸೆಂಬರ್ 31ರ ರಾತ್ರಿ ಹತ್ತೂಕಾಲು–ಹತ್ತೂವರೆಯ ಸುಮಾರಿಗೆ ಪೂರ್ಣ ಚಂದ್ರಗ್ರಹಣ ನಡುಘಟ್ಟದಲ್ಲಿರುತ್ತದೆ. ಹೊಸವರ್ಷಕ್ಕೆ ಎದ್ದಿರುವವರೆಲ್ಲ ಕೆಂಪು ಚಂದ್ರನ ಚಿತ್ರ ತೆಗೆಯಬಹುದು.

ಅಟ್ಟದಿಂದ ಇಳಿಸಿ

ಮಳೆಗಾಲದ ನಾಲ್ಕು ತಿಂಗಳು ಟೆಲಿಸ್ಕೋಪಿಗೆ ರಜೆ. ಮಲೆನಾಡು, ಕರಾವಳಿಯಲ್ಲಿ ಆ ರಜೆಯೇ ಅಪಾಯ. ತೇವಕ್ಕೆ ಲೆನ್ಸಿನ ಮೇಲೆ ಬೂಷ್ಟು ಹಿಡಿಯುತ್ತದೆ. ಐಪೀಸುಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಚಳಿಗಾಲದಲ್ಲಿ ಗಾಜಿನ ಮೇಲೆ ಇಬ್ಬನಿ ಕೂತರೆ ಬಟ್ಟೆಯಿಂದ ಉಜ್ಜಬೇಡಿ, ತಾನಾಗಿ ಒಣಗಲಿ. ಕನ್ನಡಿಯನ್ನಂತೂ ಮುಟ್ಟದಿದ್ದಷ್ಟೂ ಒಳ್ಳೆಯದು.

ಹುಟ್ಟುಹಬ್ಬಕ್ಕೆ ಬಂದದ್ದೋ, ಗ್ರಹಣದ ಭರಾಟೆಯಲ್ಲಿ ಕೊಂಡದ್ದೋ, ಅಟ್ಟ ಸೇರಿದ ಟೆಲಿಸ್ಕೋಪು ಎಷ್ಟೋ ಮನೆಗಳಲ್ಲಿದೆ. ಹೊಸದು ಕೊಳ್ಳುವ ಮುಂಚೆ ಅದನ್ನು ಕೆಳಗಿಳಿಸಿ, ಧೂಳು ಊದಿ, ಮುಂದಿನ ಶುಕ್ಲ ಅಷ್ಟಮಿಯ ಸಂಜೆ ತಾರಸಿಗೆ ಒಯ್ಯಿರಿ. ಕಡಿಮೆ ಪಟ್ಟಿನ ಐಪೀಸು ಹಾಕಿ ಚಂದ್ರನನ್ನು ಹುಡುಕಿ. ಅಕ್ಕಪಕ್ಕದ ಮನೆಯ ಮಕ್ಕಳನ್ನು ಕೂಗಿ ಕರೆಯಿರಿ. ಮೊದಲು ಅವರು ಕಣ್ಣಿಟ್ಟು ನೋಡಲಿ, ಫೋನು ಆಮೇಲೆ. ಮಾಳಿಗೆಯ ದೀಪ ಆರಿಸಲು ಮಾತ್ರ ಮರೆಯಬೇಡಿ.